ಮಗನಿಗೆ ರನ್ನ ಅಂತ ಯಾಕೆ ಹೆಸರಿಟ್ವಿ

ನಮ್ಮ ಮಗನ ಹೆಸರು ರನ್ನ. ಹೇಳಿದ ತಕ್ಷಣ ತುಂಬ ಜನ "ಅದು ಮುದ್ದಿನ ಹೆಸರಲ್ವಾ, ನಿಜವಾದ ಹೆಸರೇನು" ಅಂತ ಕೇಳ್ತಾರೆ, ಕೆಲವರಿಗೆ ಸಿನಿಮಾ ನೆನಪಾಗತ್ತೆ, ಇನ್ನು ಕೆಲವರು ಶಾಲೇಲಿ ಓದಿದ್ದು ನೆನಪು ಮಾಡ್ಕೊಂಡು ಪಂಪ ಪೊನ್ನ ರನ್ನ ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ. ನಿಜವಾದ ಹೆಸರೂ ಅದೇ, ಮುದ್ದಿನ ಹೆಸರೂ ಅದೇ. ಗಂಡು ಮಗು ಆಗಿರೋ ಗೆಳತಿಯರು, ಗೆಳತಿಯರ ಗೆಳತಿಯರು ಎಲ್ಲಾ ಮೆಸೇಜ್ ಮಾಡಿ ನಮಗೂ ಸ್ವಲ್ಪ ಬೇರೆ ಥರದ ಹೆಸರು ಬೇಕು, ಹೇಗೆ ಹುಡುಕಿದ್ರಿ, ಮನೇಲಿ ಹೇಗೆ ಒಪ್ಪಿಸಿದ್ರಿ ಅಂತ ಕೇಳ್ತಾನೇ ಇದಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಒಂದು ವಿಷಯ. ಅಪರೂಪದ ಹೆಸರು ಬೇಕು ಅನ್ನೋದು ಈಗ ಅಪರೂಪದ ಆಸೆ ಅಲ್ಲ, ಎಲ್ಲಾ ಅಪ್ಪ ಅಮ್ಮಂದಿರೂ ಅದನ್ನೇ ಹುಡುಕ್ತಾ ಇದಾರೆ, ಆದ್ರೆ ಎಲ್ಲರೂ ಒಂದೇ ದಾರೀಲಿ ಹುಡುಕೋದ್ರಿಂದ ಕೊನೆಗೆ ಒಂದೇ ಊರಿಗೆ ಬಂದು ಸೇರ್ತಾರೆ. ಅಯಾನ್, ವಿಹಾನ್, ವಿವಾನ್, ರಿಯಾನ್, ಕಿಯಾನ್ ಇವನ್ನ ಸಾಲಾಗಿ ಒಂದ್ಸಲ ಹೇಳಿ ನೋಡಿ. ಒಂದೊಂದೂ ಬಿಡಿಬಿಡಿಯಾಗಿ ಚೆನ್ನಾಗೇ ಇದೆ, ಆದ್ರೆ ಆಟದ ಮೈದಾನದಲ್ಲಿ ನಿಂತು "ಆನ್" ಅಂತ ಮುಗಿಯೋ ಹೆಸರು ಕೂಗಿದ್ರೆ ನಾಲ್ಕು ಹುಡುಗ್ರು ತಿರುಗಿ ನೋಡ್ತಾರೆ. ಅಂಶ್ ಅಂತ ಮುಗಿಯೋದು ಇನ್ನೊಂದು ಗುಂಪು, ಇಕ್ ಅಂತ ಮುಗಿಯೋದು ಮತ್ತೊಂದು. ಇದು ನಮ್ಮಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ ಜೇಡನ್, ಏಡನ್, ಬ್ರೇಡನ್, ಕೇಡನ್ ಅಂತ ಒಂದು ಅಲೆ ಎದ್ದು, 2010ರ ಸುಮಾರಿಗೆ ಅಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಹೆಸರು "ನ್" ಅಂತಾನೇ ಮುಗೀತಿತ್ತು. ಅವರ ಸೋಶಿಯಲ್ ಸೆಕ್ಯುರಿಟಿ ಇಲಾಖೆ ಹತ್ರ 1880ರಿಂದ ಮಕ್ಕಳ ಹೆಸರಿನ ಲೆಕ್ಕ ಇದೆ, ಆ ವರ್ಷದ ಪಟ್ಟೀಲಿ ನೂರು ಗಂಡುಮಕ್ಕಳಲ್ಲಿ ಎಂಟು ಜನ ಜಾನ್, ಈಗ ಮೊದಲನೇ ಸ್ಥಾನದಲ್ಲಿರೋ ಲಿಯಮ್ ನೂರಕ್ಕೆ ಒಬ್ಬ ಅಷ್ಟೆ. ಅಂದ್ರೆ ಈಗ ತುಂಬ ಚಾಲ್ತೀಲಿರೋ ಹೆಸರು ಕೂಡ ಆಗಿನಷ್ಟು ಕಾಮನ್ ಅಲ್ಲ, ಆದ್ರೂ ಕಿವಿಗೆ ಎಲ್ಲಾ ಒಂದೇ ಥರ ಕೇಳ್ಸತ್ತೆ, ಯಾಕಂದ್ರೆ ಬದಲಾಗಿರೋದು ಮೊದಲನೇ ಅಕ್ಷರ ಮಾತ್ರ, ಬಾಲ ಅದೇ.

ಗಂಡುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಹೆಣ್ಣುಮಗು ಆದ್ರೆ ಹೂವು, ನದಿ, ರಾಗ, ಋತು, ಹಕ್ಕಿ ದನಿ ಏನು ಬೇಕಾದ್ರೂ ಇಡ್ತೀವಿ, ಇಬ್ಬನಿ ಇಂಚರ ಅಂದ್ರೆ ಎಲ್ಲರೂ ಆಹಾ ಅಂತಾರೆ, ಅದೇ ಗಂಡುಮಗುವಿಗೆ ಮುಗಿಲ ಅಂದ್ರೆ "ಗಂಡು ಹುಡುಗನಿಗಾ?" ಅಂತ ಪ್ರಶ್ನೆ ಬರತ್ತೆ. ಅಮೆರಿಕದ ಅದೇ ಪಟ್ಟೀಲಿ ಕೂಡ ಹುಡುಗಿಯರ ಹೆಸರಲ್ಲಿ ಇರೋಷ್ಟು ವೈವಿಧ್ಯ ಹುಡುಗರ ಹೆಸರಲ್ಲಿ ಇಲ್ಲ. ಗಂಡು ಅಂದ್ರೆ ಗೆಲ್ಲೋನು, ಆಳೋನು, ಹೊಳೆಯೋನು ಇಷ್ಟೇ ಅರ್ಥದ ಸುತ್ತ ಸುತ್ತೋದು ನನಗೆ ನಿಜವಾಗ್ಲೂ ಬೇಜಾರು. ಹುಡುಗನ ಹೆಸರಲ್ಲೂ ಮೋಡ ಇರ್ಲಿ, ಚಿಗುರು ಇರ್ಲಿ, ಏನೀಗ.

ಕುವೆಂಪು ಇದನ್ನ ಯಾವಾಗ್ಲೋ ಮಾಡಿ ತೋರ್ಸಿದಾರೆ. ದೊಡ್ಡ ಮಗ 1938ರಲ್ಲಿ ಹುಟ್ಟಿದ್ದು, ಪೂರ್ಣಚಂದ್ರ ತೇಜಸ್ವಿ ಅಂತ ಹೆಸರು, ಅದು ಎಲ್ಲರಿಗೂ ಗೊತ್ತು. ಎರಡನೇ ಮಗನ ಹೆಸರು ತುಂಬ ಜನಕ್ಕೆ ಗೊತ್ತಿಲ್ಲ, ಕೋಕಿಲೋದಯ ಚೈತ್ರ. ಒಂದು ಗಂಡುಮಗುವಿಗೆ ಕೋಗಿಲೆ ಮತ್ತು ವಸಂತದ ತಿಂಗಳು ಎರಡನ್ನೂ ಸೇರಿಸಿ ಹೆಸರಿಡೋದು ಅಂದ್ರೆ! ನಾನು ಇದನ್ನ ಮೊದಲು ಓದಿದಾಗಿಂದ ತಲೇಲಿ ಕೂತುಬಿಟ್ಟಿದೆ, ಬಸುರಿ ಅಂತ ಗೊತ್ತಾಗೋಕೆ ಎಷ್ಟೋ ಮುಂಚೆ. ಅಷ್ಟುದ್ದ ಹೆಸರಿದ್ರೂ ಬಳಕೇಲಿ ಉಳಿದಿದ್ದು ತೇಜಸ್ವಿ, ಚೈತ್ರ ಅನ್ನೋ ಸಣ್ಣ ಭಾಗಗಳು, ಓದುಗರು ಅಂತೂ ಪೂಚಂತೇ ಅಂತ ಇನ್ನೂ ಚಿಕ್ಕದು ಮಾಡ್ಕೊಂಡ್ರು. ಇದರಿಂದ ನಾನು ತಗೊಂಡಿದ್ದು ಏನಂದ್ರೆ ಹೆಸರು ಎಷ್ಟೇ ದೊಡ್ಡದಿಟ್ರೂ ಜನ ಕರೆಯೋದು ಎರಡು ಮೂರು ಅಕ್ಷರ, ಹಾಗಾಗಿ ಆ ಎರಡು ಮೂರು ಅಕ್ಷರ ಏನಾಗತ್ತೆ ಅಂತ ಮೊದಲೇ ನೋಡ್ಕೊಬೇಕು, ನೀವು ನೋಡ್ಕೊಂಡಿಲ್ಲ ಅಂದ್ರೆ ಕ್ಲಾಸಿನ ಹುಡುಗ್ರು ನೋಡ್ಕೊತಾರೆ.

ಈಗ ಅರ್ಥದ ವಿಷಯ. ಹೆಸರಿನ ವೆಬ್‌ಸೈಟು, ಆಪ್ ಇವನ್ನ ನಂಬಿ ಅರ್ಥ ತಗೋಬೇಡಿ, ಇದನ್ನ ನಾನು ಎಷ್ಟು ಒತ್ತಿ ಹೇಳಿದ್ರೂ ಸಾಲಲ್ಲ. ಆರವ್ ಅನ್ನೋ ಹೆಸರಿಗೆ ಎಷ್ಟೋ ಕಡೆ ಶಾಂತ, ಪ್ರಶಾಂತ ಅಂತ ಅರ್ಥ ಕೊಟ್ಟಿದಾರೆ. ಸಂಸ್ಕೃತದಲ್ಲಿ ಆರವ ಅಂದ್ರೆ ಸದ್ದು, ಕೂಗು, ಕಲರವದಲ್ಲಿ ಇರೋ ರವವೇ ಅದು, ಅಂದ್ರೆ ಹೆಚ್ಚುಕಮ್ಮಿ ಉಲ್ಟಾ. ಸದ್ದು ಅನ್ನೋ ಅರ್ಥವೂ ಗಂಡುಮಗುವಿಗೆ ಚೆನ್ನಾಗೇ ಇದೆ, ಮಗ ಮನೆಗೆ ತರೋದು ಅದನ್ನೇ, ಆದ್ರೆ ಮಗ ದೊಡ್ಡವನಾಗಿ ನನ್ನ ಹೆಸರಿನ ಅರ್ಥ ಏನು ಅಂತ ಕೇಳಿದಾಗ ಸರಿಯಾದ ಉತ್ತರ ಕೊಡೋದು ನಮ್ಮ ಜವಾಬ್ದಾರಿ. ಇನ್ನು ಎಷ್ಟೋ ಹೆಸರು ಯಾವ ಭಾಷೆಯ ನಿಘಂಟಲ್ಲೂ ಇರಲ್ಲ, ಆದ್ರೂ "ಸೂರ್ಯನ ಅಂಶ" "ದೇವರ ಕೃಪೆ" ಅಂತ ಪಕ್ಕದಲ್ಲಿ ಬರೆದಿರ್ತಾರೆ. ನಿಮ್ಮ ಕೈಲಿ ಒಳ್ಳೇ ನಿಘಂಟು ಇರೋವಾಗ ಅದೆಲ್ಲ ಯಾಕೆ. ಕಿಟ್ಟೆಲ್ ನಿಘಂಟು 1894ರಲ್ಲೇ ಬಂದಿದ್ದು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ದಪ್ಪ ಸಂಪುಟ ಇದೆ, ಸಂಜೆ ಕೂತು ಹತ್ತು ಪುಟ ತಿರುವಿ ಹಾಕಿ, ಯಾವ ಆಪಲ್ಲೂ ಸಿಗದ ಹೆಸರು ಸಿಗತ್ತೆ. ನನಗೂ ನನ್ನ ಗಂಡನಿಗೂ ಆ ಕೊನೇ ತಿಂಗಳುಗಳಲ್ಲಿ ಅದೇ ಕೆಲಸ, ಅವರು ಓದೋದು ನಾನು ಮಲಗಿಕೊಂಡು ಬೇಡ ಬೇಡ, ಹೂಂ, ಇನ್ನೊಂದ್ಸಲ ಹೇಳಿ ಅನ್ನೋದು.

ಹಾಗಂತ ಅರ್ಥ ಒಂದೇ ಎಲ್ಲ ಅಲ್ಲ. ಗಂಗರಲ್ಲಿ ದುರ್ವಿನೀತ ಅಂತ ಒಬ್ಬ ದೊಡ್ಡ ರಾಜ ಇದ್ದ, 6ನೇ ಶತಮಾನ, ಪಂಡಿತ ಅಂತ ಹೆಸರುವಾಸಿ. ದುರ್ವಿನೀತ ಅಂದ್ರೆ ವಿನಯ ಇಲ್ಲದವನು. ಆ ಹೆಸರಿನ ಅರ್ಥ ಯಾರಿಗೂ ಅಡ್ಡ ಬಂದಿಲ್ಲ, ಆತ ಮಾಡಿದ ಕೆಲಸವೇ ಹೆಸರಿಗೆ ಅರ್ಥ ಆಗಿಹೋಯ್ತು. ಹಾಗಂತ ನಾನು ಮಗನಿಗೆ ದುರ್ವಿನೀತ ಅಂತ ಇಡ್ತಿರ್ಲಿಲ್ಲ, ಆದ್ರೆ ಒಳ್ಳೇ ಅರ್ಥ ಇದ್ದುಬಿಟ್ರೆ ಸಾಕು ಮಿಕ್ಕಿದ್ದೆಲ್ಲ ಸರಿಹೋಗತ್ತೆ ಅಂತ ತಿಳ್ಕೊಳೋರಿಗೆ ಹೇಳ್ತಿದೀನಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಆಗಿದ್ದು ಬಾಯಿ. ಹೆಸರು ಇರೋದು ಕಾಗದದ ಮೇಲೆ ಅಲ್ಲ, ಬೇರೆಯವರ ಬಾಯಲ್ಲಿ. ಅಪರೂಪ ಇರ್ಲಿ, ಆದ್ರೆ ಮೊದಲ ಸಲ ನೋಡಿದೋರಿಗೆ ಓದೋಕೆ ಬರ್ಬೇಕು, ಒಂದ್ಸಲ ಕೇಳಿದೋರಿಗೆ ತಿರುಗಿ ಹೇಳೋಕೆ ಬರ್ಬೇಕು. ಇದನ್ನ ನನ್ನ ಅನಿಸಿಕೆ ಅಂತ ಮಾತ್ರ ಹೇಳ್ತಿಲ್ಲ, 2012ರಲ್ಲಿ ಲೇಹಮ್, ಕೊವಾಲ್, ಆಲ್ಟರ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ರು. ಸುಲಭವಾಗಿ ಉಚ್ಚರಿಸಬಹುದಾದ ಹೆಸರಿನವರ ಬಗ್ಗೆ ಜನಕ್ಕೆ ಹೆಚ್ಚು ಒಳ್ಳೇ ಅಭಿಪ್ರಾಯ ಬರತ್ತೆ ಅಂತ ಅದರಲ್ಲಿ ಕಂಡುಬಂತು, ಅದಕ್ಕಿಂತ ಮುಖ್ಯ ಏನಂದ್ರೆ ಹೆಸರು ಉದ್ದವೋ ಗಿಡ್ಡವೋ, ಅಪರೂಪವೋ ಪರಿಚಿತವೋ, ಪರದೇಶದ್ದೋ ಅನ್ನೋದನ್ನೆಲ್ಲ ಬೇರೆ ಮಾಡಿ ನೋಡಿದ್ರೂ ಈ ಪರಿಣಾಮ ಹಾಗೇ ಉಳೀತು. ಅಂದ್ರೆ ತೊಂದರೆ ಕೊಡೋದು ಅಪರೂಪ ಅಲ್ಲ, ನಾಲಿಗೆ ತೊಡರೋದು. ಇದು ಓದಿದ ಮೇಲೆ ನನಗೆ ಎಷ್ಟು ಧೈರ್ಯ ಬಂತು ಅಂದ್ರೆ, ಮನೇಲಿ ಯಾರಾದ್ರೂ "ಇಂಥ ಹೆಸರು ಯಾರೂ ಇಟ್ಟಿಲ್ಲ" ಅಂದಾಗ ಪರವಾಗಿಲ್ಲ ಹೇಳೋಕೆ ಸುಲಭ ಇದೆಯಲ್ಲ ಅಂತ ಸಮಾಧಾನವಾಗೇ ಉತ್ತರ ಕೊಡ್ತಿದ್ದೆ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕು ಅಂದ್ರೆ ಸ್ಪೆಲಿಂಗ್ ತಿರುಚೋದು. ಹೆಸರು ಅದೇ ಮಾಮೂಲಿ, ಅದಕ್ಕೆ ಇಂಗ್ಲಿಷಲ್ಲಿ ಇನ್ನೊಂದು ಎ, ಇನ್ನೊಂದು ಹೆಚ್, ಎಲ್ಲೋ ಒಂದು ವೈ ಸೇರಿಸಿ ಹೊಸದು ಮಾಡೋದು. ಇದು ನನಗೆ ಖಂಡಿತ ಇಷ್ಟ ಇಲ್ಲ. ಕಿವಿಗೆ ಏನೂ ಹೊಸದಿಲ್ಲ, ಆದ್ರೆ ಆ ಹುಡುಗ ಬದುಕಿಡೀ ಪ್ರತಿ ಫಾರ್ಮಲ್ಲೂ ಪ್ರತಿ ಫೋನಲ್ಲೂ ಅಕ್ಷರ ಅಕ್ಷರ ಬಿಡಿಸಿ ಹೇಳ್ತಾ ಇರ್ಬೇಕು. ಸ್ವೀಡನ್‌ನಲ್ಲಿ 1996ರಲ್ಲಿ ಒಂದು ದಂಪತಿ ಮಗನಿಗೆ 43 ಅಕ್ಷರ ಅಂಕಿಗಳ ಹೆಸರು ಕೊಟ್ರು, ಅದರಲ್ಲಿ ಒಂದೂ ಸ್ವರ ಇಲ್ಲ, ಕೊನೇಲಿ 11116 ಅಂತ ಅಂಕಿ, ಅದನ್ನ ಓದೋದು ಆಲ್ಬಿನ್ ಅಂತ. ಅಲ್ಲಿನ ಹೆಸರಿನ ಕಾನೂನನ್ನ ವಿರೋಧಿಸೋಕೆ ಮಾಡಿದ್ದು ಅದು, ಒಪ್ಪಿಗೆ ಸಿಗಲಿಲ್ಲ. 2020ರಲ್ಲಿ ಎಲಾನ್ ಮಸ್ಕ್ ಮಗನ ಹೆಸರಿನ ಸುದ್ದಿ ಎಲ್ಲರೂ ಓದಿರ್ತೀರಿ, ಕ್ಯಾಲಿಫೋರ್ನಿಯಾದಲ್ಲಿ ಹೆಸರಿಗೆ ಇಂಗ್ಲಿಷಿನ 26 ಅಕ್ಷರ ಮಾತ್ರ ಅನ್ನೋ ನಿಯಮ ಇರೋದ್ರಿಂದ ಹೆಸರಿನ ಕೊನೇಲಿದ್ದ 12 ಅನ್ನೋ ಅಂಕಿ ತೆಗೆದು ರೋಮನ್ ರೀತಿ ಅಕ್ಷರದಲ್ಲಿ ಬರೆದ್ರು. ಜಪಾನಲ್ಲಿ ಇದು ಬೇರೆ ಥರ, ಬರೆಯೋ ಕಾಂಜಿ ಅಕ್ಷರ ಒಂದು ಓದೋ ರೀತಿ ಇನ್ನೊಂದು, ಕಿರಾಕಿರಾ ಹೆಸರು ಅಂತಾರೆ ಅದಕ್ಕೆ, ಹೊಳೆಯೋ ಹೆಸರು, ಟೀಚರಿಗೂ ಡಾಕ್ಟರಿಗೂ ಓದೋಕಾಗದೆ ಕೊನೆಗೆ 2025ರ ಮೇ ತಿಂಗಳಿಂದ ಹೆಸರನ್ನ ಹೇಗೆ ಓದ್ಬೇಕು ಅನ್ನೋದನ್ನೂ ಕುಟುಂಬದ ದಾಖಲೇಲಿ ನಮೂದಿಸ್ಬೇಕು, ಆ ಓದು ಅಕ್ಷರಕ್ಕೆ ಒಪ್ಪೋ ಹಾಗಿರ್ಬೇಕು ಅಂತ ನಿಯಮ ಬಂತು.

ಕನ್ನಡದ ಹೆಸರು ಇಡೋರಿಗೆ ಇನ್ನೊಂದು ಪರೀಕ್ಷೆ ಇದೆ, ಅದನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಬರದೇ ಇರೋರಿಗೆ ಓದೋಕೆ ಕೊಡಿ. ನಮ್ಮ ಳ ಮತ್ತು ಲ ಅಲ್ಲಿ ಒಂದೇ, ಣ ಮತ್ತು ನ ಒಂದೇ, ತ ಬರೆದ್ರೆ ಟ ಅಂತಾರೆ, ದೀರ್ಘ ಹ್ರಸ್ವ ಎರಡೂ ಅವರಿಷ್ಟ. ನಮ್ಮ ಪಟ್ಟೀಲಿ ಅರಳ ಅಂತ ಒಂದು ಹೆಸರಿತ್ತು, ನನಗೆ ತುಂಬ ಇಷ್ಟ, ಓದೋಕೆ ಕೊಟ್ರೆ ಅರಲಾ ಆಯ್ತು, ಆರಾಲ ಆಯ್ತು, ಬಿಟ್ವಿ. ನೇಸರ ಪಾಸ್ ಆಯ್ತು. ರನ್ನ ಅನ್ನೋದನ್ನ ಕೆಲವರು ರಾನಾ ಥರ ಎಳೆದ್ರು, ಆದ್ರೆ ಒಂದ್ಸಲ ಹೇಳಿಕೊಟ್ಟ ಮೇಲೆ ಯಾರೂ ತಪ್ಪಲಿಲ್ಲ, ನನಗೆ ಅಷ್ಟು ಸಾಕು. ಪಾಸ್‌ಪೋರ್ಟಿನ ಕೆಳಗಡೆ ಮೆಷಿನ್ ಓದೋಕೆ ಅಂತ ಎರಡು ಸಾಲು ಇರತ್ತಲ್ಲ, ಅದರಲ್ಲಿ ಒಂದು ಸಾಲಿಗೆ 44 ಜಾಗ, ಹೆಸರಿಗೆ ಅಂತ ಸಿಗೋದು 39, ಅದರಲ್ಲೇ ಮನೆತನದ ಹೆಸರೂ ಕೂರ್ಬೇಕು, ಜಾಸ್ತಿ ಆದ್ರೆ ಕತ್ತರಿಸ್ತಾರೆ. ತುಂಬ ಉದ್ದದ ಹೆಸರು ಇಡೋರು ಇದನ್ನ ಒಂದ್ಸಲ ಎಣಿಸಿ ನೋಡೋದು ಒಳ್ಳೇದು. ಮತ್ತೆ ಒಂದೇ ಸ್ಪೆಲಿಂಗ್, ಎಲ್ಲಾ ದಾಖಲೇಲೂ ಅದೇ, ಮೊದಲ ದಿನದಿಂದ.

ಕೆಲವು ದೇಶದಲ್ಲಿ ಈ ಸ್ವಾತಂತ್ರ್ಯವೂ ಇಲ್ಲ ಅನ್ನೋದು ನನಗೆ ಹುಡುಕೋವಾಗಲೇ ಗೊತ್ತಾಗಿದ್ದು. ಐಸ್‌ಲ್ಯಾಂಡಲ್ಲಿ 1991ರಿಂದ ಹೆಸರಿಗೆ ಅಂತಾನೇ ಒಂದು ಸಮಿತಿ ಇದೆ, ಪಟ್ಟೀಲಿ ಇಲ್ಲದ ಹೆಸರು ಬೇಕಾದ್ರೆ ಅವರು ಒಪ್ಪಬೇಕು, ಅವರ ಭಾಷೆಯ ವ್ಯಾಕರಣದಲ್ಲಿ ವಿಭಕ್ತಿ ಹಚ್ಚೋಕೆ ಬರ್ಬೇಕು. ಗಂಡಸರ ಹೆಸರು ಅಂತ ಸಮಿತಿ ಒಪ್ಪದೇ ಇದ್ದ ಹೆಸರನ್ನ ಒಬ್ಬ ಹುಡುಗಿ 2013ರಲ್ಲಿ ಕೋರ್ಟಲ್ಲಿ ಗೆದ್ದು ಪಡ್ಕೊಂಡ್ಳು, ಆಮೇಲೆ 2019ರ ಕಾನೂನಲ್ಲಿ ಗಂಡು ಹೆಣ್ಣು ಅನ್ನೋ ಭೇದವೇ ಹೆಸರಿಗೆ ಇಲ್ಲ ಅಂತ ಆಯ್ತು. ನ್ಯೂಜಿಲೆಂಡಲ್ಲಿ 100 ಅಕ್ಷರ ಮೀರೋ ಹಾಗಿಲ್ಲ, ಕಿಂಗ್, ಪ್ರಿನ್ಸ್, ಜಸ್ಟಿಸ್ ಥರ ಪದವಿ ಅನ್ಸೋ ಹೆಸರನ್ನ ಮತ್ತೆ ಮತ್ತೆ ತಿರಸ್ಕರಿಸಿದಾರೆ. ವಿಭಕ್ತಿ ಹಚ್ಚಿ ನೋಡೋದು ನನಗೆ ಬಹಳ ಹಿಡಿಸ್ತು, ನಾವೂ ಮಾಡಿದ್ವಿ. ರನ್ನನಿಗೆ, ರನ್ನನ, ರನ್ನನ್ನ ಕರೀರಿ, ರನ್ನ ಬಂದ. ಸರಾಗವಾಗಿ ಬರತ್ತೆ. ವ್ಯಂಜನದಲ್ಲಿ ಮುಗಿಯೋ ಹೆಸರಿಗೆ ನಾವು ಹೇಗಿದ್ರೂ ಕೊನೇಲಿ ಒಂದು ಸ್ವರ ಸೇರಿಸ್ತೀವಿ, ವಿಹಾನ್ ಬಂದು ವಿಹಾನ ಆಗೇ ಆಗ್ತಾನೆ, ಹಾಗಿದ್ಮೇಲೆ ಮೊದಲೇ ಸ್ವರದಲ್ಲಿ ಮುಗಿಸಿದ್ರೇನು.

ದೊಡ್ಡವರ ಹೆಸರು ಇಡೋದರ ಬಗ್ಗೆಯೂ ಸ್ವಲ್ಪ ಹೇಳ್ತೀನಿ. ಬದುಕಿರೋ ನಾಯಕರ ಹೆಸರೋ, ಆ ಹೊತ್ತಿನ ಸುದ್ದೀಲಿರೋರ ಹೆಸರೋ ಇಡುವಾಗ ಎರಡು ಸಲ ಯೋಚನೆ ಮಾಡಿ. ತಮಿಳುನಾಡಿನ ಎಂ. ಕೆ. ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1, ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡಿದ್ದು ಮಾರ್ಚ್ 5. ಆ ಹೆಸರಿನ ಬಗ್ಗೆ ಜಗತ್ತಿನ ಅಭಿಪ್ರಾಯ ಮುಂದಿನ ಕೆಲವೇ ವರ್ಷದಲ್ಲಿ ಎಷ್ಟು ಬದಲಾಯ್ತು, ಹೆಸರು ಹೊತ್ತ ಮಗು ಮಾತ್ರ ಅದೇ ಹೆಸರಲ್ಲಿ ಬೆಳೀತು. ಇತಿಹಾಸದಲ್ಲಿ ಸಾವಿರ ವರ್ಷ ದಾಟಿ ಬಂದ ಹೆಸರಿಗೆ ಆ ಭಯ ಕಡಿಮೆ.

ರನ್ನ ಹಾಗೇ ಬಂತು. ಪಂಪ, ಪೊನ್ನ, ರನ್ನ ಮೂವರನ್ನ ರತ್ನತ್ರಯರು ಅಂತಾರೆ, 10ನೇ ಶತಮಾನದವರು. ರನ್ನ ಬಳೆಗಾರರ ಮನೇಲಿ ಹುಟ್ಟಿ ಕವಿಚಕ್ರವರ್ತಿ ಅನ್ನಿಸ್ಕೊಂಡೋನು. ಆದ್ರೆ ನನ್ನ ಮನಸ್ಸು ಗೆದ್ದಿದ್ದು ಇನ್ನೊಂದು ವಿಷಯ. ಅವನು ತನ್ನ ಮಗನಿಗೆ ರಾಯ ಅಂತ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ, ತನಗೆ ಆಸರೆಯಾದ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ. ಉಪಕಾರ ಮಾಡಿದೋರನ್ನ ದಿನಾ ಬಾಯ್ತುಂಬ ಕರೆಯೋ ಹಾಗೆ ಮಕ್ಕಳ ಹೆಸರಲ್ಲೇ ಇಟ್ಕೊಂಡ. ಹೆಸರಿಡೋದು ಅಂದ್ರೆ ಏನು ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದ ಮನುಷ್ಯನ ಹೆಸರನ್ನೇ ಮಗನಿಗೆ ಇಟ್ರೆ ಅದಕ್ಕಿಂತ ಇನ್ನೇನು ಬೇಕು ಅನ್ನಿಸ್ತು, ಗಂಡನಿಗೆ ಹೇಳಿದೆ, ಅವರು ಒಂದು ಕ್ಷಣವೂ ಯೋಚಿಸದೆ ಹೂಂ ಅಂದ್ರು.

ಮನೇಲಿ ಎಲ್ಲರೂ ಅಷ್ಟು ಬೇಗ ಒಪ್ಪಲಿಲ್ಲ. ಮುಖ್ಯವಾದ ಆಕ್ಷೇಪ ಎರಡು. ಒಂದು, ಚಿನ್ನ ರನ್ನ ಅಂತ ಎಲ್ಲಾ ಮಕ್ಕಳನ್ನೂ ಮುದ್ದು ಮಾಡ್ತೀವಿ, ಅದು ಹೆಸರು ಹೇಗಾಗತ್ತೆ. ನನಗೆ ಅದೇ ಇಷ್ಟವಾದ ಕಾರಣ, ಅವನು ನಲವತ್ತು ವರ್ಷದ ಗಂಡಸಾಗಿ ಯಾವುದೋ ಮೀಟಿಂಗಲ್ಲಿ ಕೂತಾಗಲೂ ಅವನನ್ನ ಕರೆಯೋರ ಬಾಯಲ್ಲಿ ಒಂದು ಮುದ್ದಿನ ಪದ ಇರತ್ತೆ. ಇನ್ನೊಂದು, ಶಾಲೇಲಿ ಚುಡಾಯಿಸ್ತಾರೆ. ಇದನ್ನ ನಾನು ಹಗುರ ಮಾಡಲ್ಲ, ನಿಜವಾದ ಭಯ. ಪ್ರಾಸ ಹಾಕಿ ನೋಡಿದ್ವಿ, ಅಣ್ಣ, ಚಿನ್ನ, ಅನ್ನ, ಬೆನ್ನ, ಕೆಟ್ಟದು ಯಾವುದೂ ಸಿಗಲಿಲ್ಲ. ಬೇರೆ ಭಾಷೆ ಮಾತಾಡೋ ಫ್ರೆಂಡ್ಸ್‌ಗೆ ಫೋನ್ ಮಾಡಿ ನಿಮ್ಮ ಭಾಷೇಲಿ ಇದಕ್ಕೆ ಕೆಟ್ಟ ಅರ್ಥ ಇದೆಯಾ ಅಂತ ಕೇಳಿದ್ವಿ, ಇನಿಷಿಯಲ್ ಸೇರಿಸಿ ಬರೆದು ನೋಡಿದ್ವಿ. ಚುಡಾಯಿಸೋ ಮಕ್ಕಳಿಗೆ ರಾಹುಲ ಅಂತ ಹೆಸರಿದ್ರೂ ಏನಾದ್ರೂ ಸಿಗತ್ತೆ, ಆದ್ರೆ ಎದ್ದು ಕಾಣೋ ಕಾರಣವನ್ನ ನಾವೇ ಕೈಗೆ ಕೊಡಬಾರದು.

ಇನ್ನೊಂದು ಮಾತು ಮಗುವಿನ ಕಡೆಯಿಂದ. ಅಪರೂಪ ಅನ್ನೋದು ನಮಗೆ, ಮಗುವಿಗೆ ಅಲ್ಲ. 1995ರಲ್ಲಿ ಮ್ಯಾಂಡೆಲ್, ಜುಸ್ಚಿಕ್, ಪಿಸೋನಿ ಅನ್ನೋ ಸಂಶೋಧಕರು ನಾಲ್ಕೂವರೆ ತಿಂಗಳ ಮಕ್ಕಳಿಗೆ ಅವರ ಹೆಸರನ್ನೂ ಬೇರೆ ಹೆಸರುಗಳನ್ನೂ ಕೇಳಿಸಿ ನೋಡಿದ್ರು, ಅದೇ ಏರಿಳಿತದ ಬೇರೆ ಹೆಸರಿಗಿಂತ ತಮ್ಮ ಹೆಸರನ್ನ ಆ ಮಕ್ಕಳು ಹೆಚ್ಚು ಹೊತ್ತು ಕೇಳಿಸ್ಕೊಂಡ್ವು. ಅರ್ಥ ಗೊತ್ತಿಲ್ಲ, ಅದು ತಾನು ಅಂತಾನೂ ಇನ್ನೂ ಗೊತ್ತಿರ್ಲಿಕ್ಕಿಲ್ಲ, ಆದ್ರೂ ಆ ಸದ್ದು ತನ್ನದು. ದೊಡ್ಡವರಾದ ಮೇಲೂ ಹಾಗೇ, ಬೆಲ್ಜಿಯಂನ ಯೋಸೆಫ್ ನಟಿನ್ 1985ರಲ್ಲೇ ತೋರಿಸಿದ ಹಾಗೆ ಜನ ತಮ್ಮ ಹೆಸರಲ್ಲಿರೋ ಅಕ್ಷರಗಳನ್ನ ಮಿಕ್ಕಿದ್ದಕ್ಕಿಂತ ಹೆಚ್ಚು ಇಷ್ಟಪಡ್ತಾರೆ. ನಮ್ಮವನು ಮಗುಚಿಕೊಳ್ಳೋಕೆ ಶುರು ಮಾಡಿದ ದಿನಗಳಲ್ಲಿ ರನ್ನಾ ಅಂತ ಕರೆದ್ರೆ ಕುತ್ತಿಗೆ ತಿರುಗಿಸಿ ನೋಡೋನು, ಮನೇಲಿ ಬೇಡ ಅಂದಿದ್ದ ಹಿರಿಯರೇ ಆಮೇಲೆ ಅವನನ್ನ ತಿರುಗಿಸೋಕೆ ಎಲ್ಲರಿಗಿಂತ ಹೆಚ್ಚು ಕೂಗ್ತಿದ್ರು, ಒಪ್ಪಿಸೋ ಕೆಲಸ ಅಲ್ಲಿಗೆ ಮುಗೀತು.

ನಾವು ಬಳಸದೇ ಉಳಿದ ಹೆಸರುಗಳನ್ನ ಕೇಳಿದೋರಿಗೆ ಇಲ್ಲೇ ಕೊಡ್ತೀನಿ, ಯಾರು ಬೇಕಾದ್ರೂ ತಗೊಳಿ. ನೇಸರ, ಸೂರ್ಯ ಅಂತ ಅರ್ಥ, ಈಗೀಗ ಅಲ್ಲಲ್ಲಿ ಇಡ್ತಿದಾರೆ, ಬೇಗ ತಗೊಳೋದು ವಾಸಿ. ಮುಗಿಲ, ಗಂಡುಮಗುವಿಗೇ ಇಡಿ, ಯಾರು ಏನು ಕೇಳಿದ್ರೂ. ಜನ್ನ, 13ನೇ ಶತಮಾನದ ಕವಿ, ರನ್ನನಷ್ಟೇ ಸುಲಭ, ಅವನಿಗಿಂತ ಅಪರೂಪ. ಪೊನ್ನ, ಬಂಗಾರ ಅಂತ, ಇದಕ್ಕೆ ಮಾತ್ರ ತಮಿಳು ಗೆಳೆಯರು ನಮ್ಮದು ಅಂತಾರೆ, ಅನ್ನಲಿ. ರಾಘವಾಂಕ ಸ್ವಲ್ಪ ಗಟ್ಟಿ ಹೆಸರು, ರಾಘು ಅಂತ ಕರೆದುಬಿಟ್ರೆ ಅಪರೂಪ ಹೋಯ್ತು, ಹಾಗಾಗಿ ಪೂರ್ತಿ ಕರೆಯೋ ತಾಳ್ಮೆ ಇದ್ರೆ ಮಾತ್ರ ಇಡಿ. ಮತ್ತೆ ರಾಯ. ಎರಡೇ ಅಕ್ಷರ, ರನ್ನ ತನ್ನ ಮಗನಿಗೆ ಇಟ್ಟಿದ್ದು. ಇದನ್ನೊಂದು ದಯವಿಟ್ಟು ಯಾರೂ ತಗೋಬೇಡಿ, ಎರಡನೇದೂ ಗಂಡಾದ್ರೆ ನಮಗೆ ಬೇಕು.